ಕಾರಿನ ರೇಡಿಯೊ ಮತ್ತು ಡ್ಯಾಶ್‌ಬೋರ್ಡ್ ಪರದೆ: ದೋಷದ ಮೂಲವನ್ನು ಪತ್ತೆಹಚ್ಚುವ ಬಗೆ

ಕಾರಿನ ರೇಡಿಯೊ ಇದ್ದಕ್ಕಿದ್ದಂತೆ ಮೌನವಾದಾಗ, ಇಲ್ಲವೇ ಡ್ಯಾಶ್‌ಬೋರ್ಡಿನ ಪರದೆ ಕಪ್ಪಾದಾಗ, ಮೊದಲ ಸಂಶಯ ಬೀಳುವುದು ಆ ಪೆಟ್ಟಿಗೆಯ ಮೇಲೆಯೇ. ಅದನ್ನು ಬಿಚ್ಚಿ ಹೊಸದನ್ನು ಕೂರಿಸಿದ ಮೇಲೂ ಅದೇ ತೊಂದರೆ ಮುಂದುವರಿದಾಗ ಮಾತ್ರ ಮೂಲ ಬೇರೆಲ್ಲೋ ಇತ್ತೆಂಬುದು ತಿಳಿಯುತ್ತದೆ. ಈ ಪೆಟ್ಟಿಗೆ ಕೆಲಸ ಮಾಡಬೇಕಾದರೆ ಬ್ಯಾಟರಿಯಿಂದ ವಿದ್ಯುತ್ತು, ಆಂಟೆನಾದಿಂದ ರೇಡಿಯೊ ತರಂಗ, ಕಾರಿನ ಇತರ ಕಂಟ್ರೋಲ್ ಯೂನಿಟ್‌ಗಳಿಂದ (ಕಾರಿನ ಬೇರೆ ಬೇರೆ ಭಾಗಗಳನ್ನು ನಡೆಸುವ ಸಣ್ಣ ಕಂಪ್ಯೂಟರ್‌ಗಳಿಂದ) ಮಾಹಿತಿ, ಬಳಸುವವರಿಂದ ಸರಿಯಾದ ಸೆಟ್ಟಿಂಗ್ ಇಷ್ಟೂ ಬರಬೇಕು. ಇವುಗಳಲ್ಲಿ ಯಾವುದು ತಪ್ಪಿದರೂ ಹೊರಗೆ ಕಾಣುವ ಲಕ್ಷಣ ಪೆಟ್ಟಿಗೆಯೇ ಕೆಟ್ಟಂತಿರುತ್ತದೆ. ಆದುದರಿಂದ ಈ ಕೈಪಿಡಿಯಲ್ಲಿ ತಪಾಸಣೆ ಹೊರಗಿನಿಂದ ಒಳಕ್ಕೆ ಸಾಗುತ್ತದೆ. ಪೆಟ್ಟಿಗೆಯನ್ನು ಬಿಚ್ಚುವ ಮಾತು ಕೊನೆಗೆ ಬರುತ್ತದೆ.

ಯಾವ ದೋಷವೇ ಆಗಿರಲಿ, ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇದರ ಜೊತೆಗೆ ಇನ್ನೇನು ನಿಂತಿದೆ? ಉದಾಹರಣೆಗೆ, ಸ್ಟೀರಿಂಗ್ ಮೇಲಿರುವ ವಾಲ್ಯೂಮ್ ಗುಂಡಿಗಳು ಕೆಲಸ ಮಾಡುತ್ತಿಲ್ಲ ಎಂದುಕೊಳ್ಳೋಣ. ರೇಡಿಯೊ ಮೇಲಿನ ಗುಂಡಿಗಳು ಸರಿಯಿದ್ದು, ಹಾರ್ನ್ ಕೂಡ ಆಗಾಗ ಕೈಕೊಡುತ್ತಿದ್ದು, ಏರ್‌ಬ್ಯಾಗ್ ದೀಪವೂ ಉರಿಯುತ್ತಿದ್ದರೆ ರೇಡಿಯೊದಲ್ಲಿ ಹುಡುಕುವುದು ವ್ಯರ್ಥ. ಆ ಮೂರಕ್ಕೂ ಸಾಮಾನ್ಯವಾದ ಭಾಗ ಸ್ಟೀರಿಂಗ್ ಕೆಳಗಿನ ಕ್ಲಾಕ್ ಸ್ಪ್ರಿಂಗ್, ಅಂದರೆ ಸ್ಟೀರಿಂಗ್ ತಿರುಗಿದಂತೆ ಸುತ್ತಿಕೊಳ್ಳುತ್ತ ಬಿಚ್ಚಿಕೊಳ್ಳುತ್ತ ಇರುವ ಪಟ್ಟಿಯಂಥ ವೈರು. ಅದು ತುಂಡಾದಾಗ ಮೂರೂ ಒಟ್ಟಿಗೆ ಹೋಗುತ್ತವೆ. ಹೀಗೆ ಜೊತೆಯಲ್ಲಿ ನಿಂತವುಗಳನ್ನು ಪಟ್ಟಿ ಮಾಡಿ, ಅವೆಲ್ಲ ಎಲ್ಲಿ ಕೂಡುತ್ತವೆ ಎಂದು ನೋಡಿದರೆ ಅರ್ಧ ಕೆಲಸ ಮುಗಿದಂತೆ. ಇನ್ನರ್ಧಕ್ಕೆ ನೆರವಾಗುವುದು ತೊಂದರೆ ಶುರುವಾದ ಸಮಯ: ಬ್ಯಾಟರಿ ಬದಲಿಸಿದ ಮೇಲೆಯೋ, ಹೊಸ ಡ್ಯಾಶ್‌ಕ್ಯಾಮ್ ಹಾಕಿಸಿದ ಮೇಲೆಯೋ, ಗಾಜಿಗೆ ಫಿಲ್ಮ್ ಅಂಟಿಸಿದ ಮೇಲೆಯೋ, ಸಾಫ್ಟ್‌ವೇರ್ ಅಪ್‌ಡೇಟ್ ಆದ ಮೇಲೆಯೋ ಎಂಬುದನ್ನು ನೆನಪಿಗೆ ತಂದುಕೊಳ್ಳಬೇಕು.

ದೋಷದಂತೆ ಕಾಣುವ ಸೆಟ್ಟಿಂಗ್‌ಗಳು

ವೇಗ ಹೆಚ್ಚಿದಂತೆ ಸದ್ದು ತಾನಾಗಿ ಏರುತ್ತದೆ, ಕಾರು ನಿಂತಾಗ ಇಳಿಯುತ್ತದೆ ಎಂಬ ದೂರು ಸಾಮಾನ್ಯ. ರಸ್ತೆಯ ಮತ್ತು ಗಾಳಿಯ ಸದ್ದನ್ನು ಮೀರಿ ಹಾಡು ಕೇಳಿಸಲೆಂದು ಬಹಳಷ್ಟು ಕಾರುಗಳಲ್ಲಿ ಬೇಕೆಂದೇ ಇಟ್ಟಿರುವ ಸೌಲಭ್ಯವದು. ಸೌಂಡ್ ಸೆಟ್ಟಿಂಗ್‌ನಲ್ಲಿ ಅದನ್ನು ಕಡಿಮೆ ಮಾಡಬಹುದು, ಪೂರ್ತಿ ನಿಲ್ಲಿಸಲೂಬಹುದು. ಒಂದು ಬದಿಯ ಸ್ಪೀಕರ್‌ಗಳು ಮಾತ್ರ ಕೇಳಿಸುತ್ತಿದ್ದರೆ ಬ್ಯಾಲೆನ್ಸ್ (ಎಡ-ಬಲ ಹಂಚಿಕೆ) ಮತ್ತು ಫೇಡರ್ (ಮುಂದೆ-ಹಿಂದೆ ಹಂಚಿಕೆ) ನಡುವಿನಲ್ಲಿವೆಯೇ ಎಂದು ನೋಡಬೇಕು. ಕೇಂದ್ರ ಹುಡುಕುವ ಗುಂಡಿ ಒತ್ತಿದಾಗ ರೇಡಿಯೊ ಒಂದೆರಡು ಕೇಂದ್ರಗಳಲ್ಲಿ ಮಾತ್ರ ನಿಂತು ಉಳಿದವನ್ನು ದಾಟಿ ಹೋಗುತ್ತಿದ್ದರೆ, ಹುಡುಕಾಟ ‘ಲೋಕಲ್’ ಎಂಬ ಆಯ್ಕೆಯಲ್ಲಿರುವ ಸಂಭವ ಹೆಚ್ಚು. ಆ ಆಯ್ಕೆಯಲ್ಲಿ ಬಲವಾದ ಸಂಕೇತಗಳಷ್ಟೇ ಲೆಕ್ಕಕ್ಕೆ ಬರುತ್ತವೆ.

ಆರ್‌ಡಿಎಸ್ ಎಂಬ ವ್ಯವಸ್ಥೆ ಉಂಟುಮಾಡುವ ಗೊಂದಲವೇ ಬೇರೆ. ಎಫ್‌ಎಂ ತರಂಗದ ಜೊತೆಯಲ್ಲೇ ಅಕ್ಷರರೂಪದ ಸಣ್ಣ ಮಾಹಿತಿಯನ್ನು ಸಾಗಿಸುವ ಈ ವ್ಯವಸ್ಥೆ ಪರದೆಯ ಮೇಲೆ ಕೇಂದ್ರದ ಹೆಸರನ್ನು ತೋರಿಸುವುದಲ್ಲದೆ ಇನ್ನೂ ಕೆಲವು ಕೆಲಸಗಳನ್ನು ಮಾಡುತ್ತದೆ. ‘ಎಎಫ್’ ಚಾಲೂ ಇದ್ದರೆ, ಸಂಕೇತ ದುರ್ಬಲವಾದಾಗ ಅದೇ ಕಾರ್ಯಕ್ರಮ ಬರುವ ಬೇರೊಂದು ತರಂಗಾಂತರಕ್ಕೆ ರೇಡಿಯೊ ತಾನಾಗಿ ಜಿಗಿಯುತ್ತದೆ. ಎರಡು ಪ್ರಸಾರ ವಲಯಗಳ ಗಡಿಯಲ್ಲಿ ಸಾಗುವಾಗ ಈ ಜಿಗಿತವೇ ಕಡಿದು ಕಡಿದು ಬರುವ ಸದ್ದಾಗಿ ಕೇಳಿಸಬಹುದು. ‘ಟಿಎ’ ಚಾಲೂ ಇದ್ದರೆ, ಪೆನ್‌ಡ್ರೈವ್‌ನಿಂದ ಹಾಡು ಕೇಳುತ್ತಿದ್ದಾಗಲೂ ಸಂಚಾರ ಪ್ರಕಟಣೆ ನಡುವೆ ನುಗ್ಗುತ್ತದೆ, ಅದೂ ತನ್ನದೇ ವಾಲ್ಯೂಮ್‌ನಲ್ಲಿ. ಗಡಿಯಾರವನ್ನು ಎಷ್ಟು ಸಲ ಸರಿಪಡಿಸಿದರೂ ಮತ್ತೆ ತಪ್ಪು ಗಂಟೆಗೆ ಮರಳುತ್ತಿದ್ದರೆ, ಅದು ಕೇಂದ್ರದಿಂದ ಬರುವ ಸಮಯ ಸಂಕೇತವನ್ನು ಅನುಸರಿಸುತ್ತಿರಬಹುದು. ಗಡಿಯಾರದ ಸೆಟ್ಟಿಂಗ್‌ನಲ್ಲಿ ‘ಆಟೊ’ ಬಿಟ್ಟು ‘ಮ್ಯಾನುಯಲ್’ ಆರಿಸಿಕೊಂಡರೆ ಅದು ನಿಲ್ಲುತ್ತದೆ.

ಬೇರೆ ದೇಶಕ್ಕಾಗಿ ತಯಾರಾದ ಕಾರಿನಲ್ಲಿ ರೇಡಿಯೊ ಕೆಟ್ಟಿಲ್ಲದಿದ್ದರೂ ಕೇಂದ್ರಗಳು ಸಿಗದಿರಬಹುದು. ಹೆಚ್ಚಿನ ದೇಶಗಳಲ್ಲಿ ಎಫ್‌ಎಂ ಪಟ್ಟಿ 87.5ರಿಂದ 108 ಮೆಗಾಹರ್ಟ್ಸ್‌ವರೆಗಿದೆ. ಜಪಾನಿನಲ್ಲಿ ಅದು 76ರಿಂದ ಶುರುವಾಗಿ 95ರ ಆಸುಪಾಸಿನಲ್ಲೇ ಮುಗಿಯುತ್ತದೆ. ಎಎಂ ಕೇಂದ್ರಗಳ ನಡುವಿನ ಅಂತರವೂ ಅಮೆರಿಕ ಖಂಡಗಳಲ್ಲಿ 10 ಕಿಲೋಹರ್ಟ್ಸ್, ಉಳಿದ ಬಹುತೇಕ ಕಡೆ 9 ಕಿಲೋಹರ್ಟ್ಸ್. ಕೆಲವು ರೇಡಿಯೊಗಳಲ್ಲಿ ಪ್ರದೇಶ ಬದಲಿಸುವ ಆಯ್ಕೆ ಇರುತ್ತದೆ. ಇಲ್ಲದಿದ್ದರೆ ಆಂಟೆನಾ ವೈರಿನ ನಡುವೆ ‘ಬ್ಯಾಂಡ್ ಎಕ್ಸ್‌ಪ್ಯಾಂಡರ್’ ಎಂಬ ಸಣ್ಣ ಉಪಕರಣವನ್ನು ಜೋಡಿಸುವುದುಂಟು. ಅದು ತರಂಗಾಂತರಗಳನ್ನು ಕೆಳಕ್ಕೆ ತರುತ್ತದಾದರೂ ಪರದೆಯ ಮೇಲಿನ ಅಂಕಿ ನಿಜವಾದದ್ದಾಗಿರುವುದಿಲ್ಲ, ಗುಣಮಟ್ಟವೂ ತುಸು ತಗ್ಗುತ್ತದೆ.

ಮೀಟರ್ ಫಲಕದ ಕಡೆಗೂ ಇಂಥವು ಇವೆ. ಮೈಲೇಜ್ ಒಮ್ಮೆಲೇ ವಿಚಿತ್ರ ಅಂಕಿ ತೋರಿಸಿದರೆ, ಮಾನ ಬದಲಾಗಿದೆಯೇ ಎಂದು ನೋಡಬೇಕು. ಲೀಟರಿಗೆ 20 ಕಿಲೋಮೀಟರ್ ಎಂಬುದೂ, 100 ಕಿಲೋಮೀಟರಿಗೆ 5 ಲೀಟರ್ ಎಂಬುದೂ ಒಂದೇ ಮಾತು. ಮೊದಲನೆಯದರಲ್ಲಿ ಅಂಕಿ ಏರಿದರೆ ಲಾಭ, ಎರಡನೆಯದರಲ್ಲಿ ಏರಿದರೆ ನಷ್ಟ. ಹಗಲಿನಲ್ಲಿ ಪರದೆ ಮಂಕಾಗಿದ್ದರೆ ಹೆಡ್‌ಲೈಟ್ ಸ್ವಿಚ್ ಚಾಲೂ ಇದೆಯೇ, ಬೆಳಕು ತಗ್ಗಿಸುವ ಚಕ್ರ ಕೆಳಗೆ ಸರಿದಿದೆಯೇ ಎಂದು ನೋಡಬೇಕು. ಸೀಟು ಹೊಂದಿಸುವಾಗ ಆ ಚಕ್ರಕ್ಕೆ ಮೊಣಕಾಲು ತಾಗಿರುವುದೂ ಉಂಟು. ಪೋಲರೈಸ್ಡ್ ತಂಪು ಕನ್ನಡಕ ಹಾಕಿಕೊಂಡವರಿಗೆ ಎಲ್‌ಸಿಡಿ ಪರದೆ ಪೂರ್ತಿ ಕಪ್ಪಾಗಿ ಕಾಣಬಹುದು, ಏಕೆಂದರೆ ಅಂಥ ಪರದೆಯಿಂದ ಹೊರಡುವ ಬೆಳಕು ಒಂದೇ ದಿಕ್ಕಿನಲ್ಲಿ ಕಂಪಿಸುತ್ತದೆ ಮತ್ತು ಕನ್ನಡಕದ ಗಾಜು ಆ ದಿಕ್ಕಿಗೆ ಅಡ್ಡವಾಗಿದ್ದರೆ ಅದನ್ನು ತಡೆದುಬಿಡುತ್ತದೆ. ತಲೆಯನ್ನು ಓರೆ ಮಾಡಿದಾಗ ಪರದೆ ಬೆಳಗಿದರೆ ಗುಟ್ಟು ತಿಳಿಯಿತು.

ವಿದ್ಯುತ್ತಿನ ದಾರಿ

ಸೆಟ್ಟಿಂಗ್‌ಗಳನ್ನು ದಾಟಿದ ಮೇಲೆ ಅತಿ ಹೆಚ್ಚು ಸಮಯ ಕೊಡಬೇಕಾದದ್ದು ವಿದ್ಯುತ್ತಿಗೆ. ರೇಡಿಯೊಗೆ ಎರಡು ಪ್ರತ್ಯೇಕ ದಾರಿಗಳಲ್ಲಿ ವಿದ್ಯುತ್ತು ಬರುತ್ತದೆ ಎಂಬುದನ್ನು ಅರಿತರೆ ಅನೇಕ ಒಗಟುಗಳು ಬಿಡಿಸಿಕೊಳ್ಳುತ್ತವೆ. ಒಂದು ವೈರು ಬ್ಯಾಟರಿಯಿಂದ ಸದಾಕಾಲ ಜೀವಂತವಾಗಿದ್ದು ಗಡಿಯಾರ, ಕೇಂದ್ರಗಳ ನೆನಪು, ಸೌಂಡ್ ಸೆಟ್ಟಿಂಗ್ ಇವುಗಳನ್ನು ಕಾಯುತ್ತದೆ. ಹೊರಗಿನಿಂದ ಕೊಂಡು ಹಾಕಿಸುವ ರೇಡಿಯೊಗಳಲ್ಲಿ ಇದು ಸಾಮಾನ್ಯವಾಗಿ ಹಳದಿ. ಇನ್ನೊಂದು, ಸಾಮಾನ್ಯವಾಗಿ ಕೆಂಪು, ಕೀ ತಿರುಗಿಸಿದಾಗ ಮಾತ್ರ ಜೀವ ಪಡೆದು ರೇಡಿಯೊವನ್ನು ಎಬ್ಬಿಸುತ್ತದೆ. ಕಪ್ಪು ವೈರು ಅರ್ತ್, ಅಂದರೆ ವಿದ್ಯುತ್ತು ಕಾರಿನ ಲೋಹದ ಮೈಯ ಮೂಲಕ ಬ್ಯಾಟರಿಯ ಮೈನಸ್ ತುದಿಗೆ ಮರಳುವ ದಾರಿ. ಕಿತ್ತಳೆ ಬಣ್ಣದ್ದು ಪಾರ್ಕಿಂಗ್ ದೀಪ ಹೊತ್ತಿದಾಗ ಪರದೆಯನ್ನು ಮಂಕಾಗಿಸಲು, ನೀಲಿ ಬಣ್ಣದ್ದು ಆಂಟೆನಾಗೆ ವಿದ್ಯುತ್ತು ಕೊಡಲು. ಕಾರು ತಯಾರಕರು ತಮ್ಮ ವೈರಿಂಗ್‌ನಲ್ಲಿ ಇದೇ ಬಣ್ಣಗಳನ್ನು ಪಾಲಿಸುತ್ತಾರೆಂಬ ನಿಯಮವಿಲ್ಲವಾದುದರಿಂದ ಬಣ್ಣವನ್ನು ನಂಬದೆ ಮಲ್ಟಿಮೀಟರ್ (ವೋಲ್ಟೇಜ್, ಓಮ್ ಅಳೆಯುವ ಮಾಪಕ) ಇಟ್ಟು ನೋಡುವುದೇ ಸರಿ.

ಕೀ ತೆಗೆದಾಗಲೆಲ್ಲ ಗಡಿಯಾರ ಸೊನ್ನೆಗೆ ಮರಳಿ ಕೇಂದ್ರಗಳು ಅಳಿಸಿಹೋಗುತ್ತಿದ್ದರೆ ಸದಾ ಜೀವಂತವಾಗಿರಬೇಕಾದ ವೈರಿನಲ್ಲಿ ವಿದ್ಯುತ್ತಿಲ್ಲ, ಅಥವಾ ಎರಡೂ ವೈರುಗಳು ಅದಲುಬದಲಾಗಿವೆ. ಐಎಸ್‌ಒ 10487 ಎಂಬ ಪ್ರಮಾಣಿತ ಕನೆಕ್ಟರ್‌ನಲ್ಲಿ ಸದಾ ವಿದ್ಯುತ್ತು 4ನೆಯ ಪಿನ್ನಿಗೂ ಕೀ ಮೂಲಕ ಬರುವುದು 7ನೆಯ ಪಿನ್ನಿಗೂ ಸೇರಬೇಕು. ಕೆಲವು ಕಾರುಗಳಲ್ಲಿ ಇವು ತಿರುವುಮುರುವಾಗಿರುವುದರಿಂದಲೇ ಕೆಲವು ರೇಡಿಯೊಗಳ ಹಿಂದಿನ ವೈರುಗಳಲ್ಲಿ ಅವನ್ನು ಅದಲುಬದಲು ಮಾಡಲು ಬಿಡಿ ಜೋಡಣೆ ಕೊಟ್ಟಿರುತ್ತಾರೆ. ಈ ತೊಂದರೆಗೆ ಅಡ್ಡದಾರಿಯಾಗಿ ಕೆಲವರು ಎರಡನ್ನೂ ಒಟ್ಟಿಗೆ ಬ್ಯಾಟರಿಗೆ ಕಟ್ಟಿಬಿಡುತ್ತಾರೆ. ಅದರಿಂದ ನೆನಪು ಉಳಿಯುತ್ತದೆ ನಿಜ, ಆದರೆ ರೇಡಿಯೊ ನಿದ್ರಿಸುವುದೇ ಇಲ್ಲ. ಕೆಲವೇ ದಿನ ನಿಂತ ಕಾರಿನಲ್ಲಿ ಬ್ಯಾಟರಿ ಬರಿದಾಗಿರುತ್ತದೆ. ಕಾರು ಪೂರ್ತಿ ನಿದ್ರೆಗಿಳಿದ ಮೇಲೆ ಬ್ಯಾಟರಿಯಿಂದ ಸೋರುವ ವಿದ್ಯುತ್ತು ಸಾಮಾನ್ಯವಾಗಿ 50 ಮಿಲಿಆಂಪಿಯರ್‌ಗಿಂತ ಕಡಿಮೆಯಿರಬೇಕು. ಅದನ್ನು ಅಳೆಯುವಾಗ ಬಾಗಿಲು ಹಾಕಿ, ಕೀ ದೂರವಿಟ್ಟು ಅರ್ಧ ಗಂಟೆಯಾದರೂ ಕಾಯಬೇಕು, ಏಕೆಂದರೆ ಕಂಟ್ರೋಲ್ ಯೂನಿಟ್‌ಗಳು ಒಂದೊಂದಾಗಿ ನಿಧಾನಕ್ಕೆ ಮಲಗುತ್ತವೆ; ಅವಸರದಲ್ಲಿ ಅಳೆದವರಿಗೆ ಎಲ್ಲ ಕಾರುಗಳಲ್ಲೂ ಸೋರಿಕೆ ಕಾಣುತ್ತದೆ.

ಸೆಲ್ಫ್ ಹೊಡೆಯುವ ಕ್ಷಣದಲ್ಲಿ ಪರದೆ ಆರಿ ಮತ್ತೆ ಹೊತ್ತಿಕೊಳ್ಳುವುದು ಬಹುತೇಕ ಕಾರುಗಳಲ್ಲಿ ಸಹಜ. ಸ್ಟಾರ್ಟರ್‌ಗೆ ಪೂರ್ತಿ ಬಲ ಸಿಗಲೆಂದು ಆ ಹೊತ್ತಿಗೆ ರೇಡಿಯೊದ ದಾರಿಯನ್ನು ಕಡಿಯಲಾಗುತ್ತದೆ. ಆದರೆ ಆಗ ಕೇಂದ್ರಗಳ ನೆನಪೇ ಅಳಿದುಹೋದರೆ, ಅಥವಾ ಪರದೆ ತಯಾರಕರ ಲಾಂಛನದಿಂದ ಮತ್ತೆ ಶುರುವಾದರೆ ಬ್ಯಾಟರಿಯನ್ನು ಸಂದೇಹಿಸಬೇಕು. ರಾತ್ರಿಯೆಲ್ಲ ನಿಂತ ಕಾರಿನ ಪೂರ್ಣ ಚಾರ್ಜ್ ಆದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ, 12.2ಕ್ಕೆ ಇಳಿದಿದ್ದರೆ ಅದು ಅರ್ಧ ಖಾಲಿ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಕುಸಿಯಬಾರದು. ಎಂಜಿನ್ ಓಡುತ್ತಿರುವಾಗ ಬಹುತೇಕ ಕಾರುಗಳಲ್ಲಿ 13.8ರಿಂದ 14.5ರವರೆಗೆ ಇರಬೇಕು. ಸಿಗ್ನಲ್ಲಿನಲ್ಲಿ ತಾನಾಗಿ ಎಂಜಿನ್ ನಿಲ್ಲಿಸಿ ಶುರುಮಾಡುವ ಕಾರುಗಳಲ್ಲಿ ರೇಡಿಯೊ ನಡುವೆ ಸಾಯದಂತೆ ವೋಲ್ಟೇಜ್ ಕಾಯುವ ಉಪಕರಣವಿರುತ್ತದೆ. ಪ್ರತಿ ಸಿಗ್ನಲ್ಲಿನಲ್ಲೂ ಪರದೆ ಮರುಪ್ರಾರಂಭವಾಗುತ್ತಿದ್ದರೆ ಬ್ಯಾಟರಿಯ ನಂತರ ಅದನ್ನು ಪರೀಕ್ಷಿಸಬೇಕು.

ಫ್ಯೂಸ್ ಪರೀಕ್ಷಿಸುವಾಗ ಎರಡು ದಾರಿಗಳಿಗೂ ಬೇರೆ ಬೇರೆ ಫ್ಯೂಸ್ ಇರಬಹುದೆಂಬುದನ್ನು, ಪೆಟ್ಟಿಗೆಯ ಬೆನ್ನಿಗೂ ಒಂದು ಫ್ಯೂಸ್ ಇರಬಹುದೆಂಬುದನ್ನು ಮರೆಯಬಾರದು. ಕೆಂಪು ಬ್ಲೇಡ್ ಫ್ಯೂಸ್ 10 ಆಂಪಿಯರ್, ನೀಲಿ 15, ಹಳದಿ 20. ಸುಟ್ಟದ್ದನ್ನು ಅದೇ ಅಳತೆಯದರಿಂದಲೇ ಬದಲಿಸಬೇಕು; ಹೊಸದೂ ಕೂಡಲೇ ಸುಟ್ಟರೆ ಎಲ್ಲೋ ಶಾರ್ಟ್ ಇದೆಯೆಂದು ಅರ್ಥ, ಆಗ ದೊಡ್ಡ ಫ್ಯೂಸ್ ಹಾಕುವುದೆಂದರೆ ವೈರನ್ನೇ ಫ್ಯೂಸ್ ಮಾಡಿದಂತೆ.

ಇಲ್ಲಿ ಬಹಳ ಜನ ಎಡವುವ ಒಂದು ಜಾಗವಿದೆ. ಕನೆಕ್ಟರ್ ಬಿಚ್ಚಿ ಮಲ್ಟಿಮೀಟರ್ ಇಟ್ಟಾಗ 12 ವೋಲ್ಟ್ ಬಂದ ಕೂಡಲೇ ‘ಕರೆಂಟ್ ಬರುತ್ತಿದೆ, ಹಾಗಾದರೆ ರೇಡಿಯೊ ಕೆಟ್ಟಿದೆ’ ಎಂದು ತೀರ್ಮಾನಿಸುತ್ತಾರೆ. ಮಲ್ಟಿಮೀಟರ್ ವೈರಿನಿಂದ ಸೆಳೆಯುವ ವಿದ್ಯುತ್ತು ನಗಣ್ಯ. ಒಂದೇ ಒಂದು ಎಳೆ ಉಳಿದ, ಹಸಿರುಗಟ್ಟಿದ ವೈರು ಕೂಡ ಅದಕ್ಕೆ ಪೂರ್ತಿ 12 ವೋಲ್ಟ್ ತೋರಿಸುತ್ತದೆ. ಅದೇ ವೈರಿಗೂ ಅರ್ತ್‌ಗೂ ನಡುವೆ ಇಂಡಿಕೇಟರ್ ಬಲ್ಬಿನಂಥ ಒಂದು ಭಾರವನ್ನು ಕಟ್ಟಿ ಅಳೆದರೆ ನಿಜ ಹೊರಬೀಳುತ್ತದೆ: ಒಳ್ಳೆಯ ವೈರಿನಲ್ಲಿ ಬಲ್ಬು ಪೂರ್ತಿ ಉರಿದು ವೋಲ್ಟೇಜ್ ಹೆಚ್ಚು ಕಡಿಮೆ ಹಾಗೆಯೇ ನಿಲ್ಲುತ್ತದೆ, ಕೆಟ್ಟ ವೈರಿನಲ್ಲಿ ಬಲ್ಬು ಮಂಕಾಗಿ ವೋಲ್ಟೇಜ್ ಕುಸಿಯುತ್ತದೆ. ಅರ್ತ್ ವೈರನ್ನೂ ಹೀಗೆಯೇ, ರೇಡಿಯೊ ಚಾಲೂ ಇರುವಾಗ, ಅದರ ಮೈಯಿಂದ ಬ್ಯಾಟರಿಯ ಮೈನಸ್ ತುದಿಯವರೆಗೆ ಅಳೆಯಬೇಕು, 0.1 ವೋಲ್ಟಿನ ಆಸುಪಾಸಿಗಿಂತ ಹೆಚ್ಚು ಬಂದರೆ ಅರ್ತ್ ದುರ್ಬಲ. ವಾಲ್ಯೂಮ್ ಏರಿಸಿದಾಗ ಮಾತ್ರ ಆರಿಹೋಗುವ ರೇಡಿಯೊ, ಬಾಸ್ ಹೊಡೆದಾಗ ಮಿನುಗುವ ಪರದೆ, ಇವೆರಡರ ಹಿಂದೆಯೂ ಹೆಚ್ಚಾಗಿ ಸಿಗುವುದು ಸಡಿಲವಾದ ಅರ್ತ್.

ಪರದೆ ಇದೆ, ಸದ್ದಿಲ್ಲ

ಪರದೆ ಹೊತ್ತಿ, ಕೇಂದ್ರದ ಹೆಸರೂ ಬಂದು, ಯಾವ ಸ್ಪೀಕರ್‌ನಲ್ಲೂ ಸದ್ದಿಲ್ಲದಿದ್ದರೆ ಮ್ಯೂಟ್ ನೋಡಿದ ಮೇಲೆ ಪ್ರತ್ಯೇಕ ಆಂಪ್ಲಿಫೈಯರ್ ಇದೆಯೇ ಎಂದು ತಿಳಿದುಕೊಳ್ಳಬೇಕು. ಅದು ಸೀಟಿನ ಕೆಳಗೋ ಡಿಕ್ಕಿಯಲ್ಲೋ ಇದ್ದು ಅದಕ್ಕೆ ತನ್ನದೇ ಫ್ಯೂಸ್ ಇರುತ್ತದೆ, ನೀರು ಸೇರುವ ಅಪಾಯವೂ ಇರುತ್ತದೆ. ಪ್ರತ್ಯೇಕ ಆಂಪ್ಲಿಫೈಯರ್ ಇಲ್ಲದ ಕಾರಿನಲ್ಲಿ ಎಲ್ಲ ಸ್ಪೀಕರ್‌ಗಳೂ ಒಟ್ಟಿಗೆ ನಿಂತರೆ ರೇಡಿಯೊ ತನ್ನನ್ನು ತಾನು ರಕ್ಷಿಸಿಕೊಳ್ಳುತ್ತಿದೆ ಎಂದು ಊಹಿಸಬಹುದು. ಇಂದಿನ ಕಾರ್ ರೇಡಿಯೊಗಳಲ್ಲಿ ಸ್ಪೀಕರ್‌ನ ಎರಡೂ ವೈರುಗಳಲ್ಲಿ ಸಂಕೇತ ಹರಿಯುತ್ತದೆ. ಮೈನಸ್ ಎಂದು ಗುರುತಿಸಿದ ವೈರು ಅರ್ತ್ ಅಲ್ಲ. ಬಾಗಿಲಿನ ಕೀಲಿನ ಬಳಿ ವೈರಿನ ಹೊದಿಕೆ ಸವೆದು ಲೋಹಕ್ಕೆ ತಾಗಿದರೆ ಇಡೀ ಆಂಪ್ಲಿಫೈಯರ್ ಮೌನವಾಗುತ್ತದೆ. ಎಲ್ಲ ಸ್ಪೀಕರ್ ವೈರುಗಳನ್ನೂ ಕಳಚಿ, ಒಂದು ಒಳ್ಳೆಯ ಸ್ಪೀಕರನ್ನು ನೇರವಾಗಿ ಜೋಡಿಸಿ ಸದ್ದು ಬಂದರೆ, ಉಳಿದವನ್ನು ಒಂದೊಂದಾಗಿ ಸೇರಿಸುತ್ತ ಹೋದಾಗ ತಪ್ಪಿತಸ್ಥ ವೈರು ಸಿಗುತ್ತದೆ. 4 ಓಮ್ ಎಂದು ಬರೆದ ಸ್ಪೀಕರ್ ಮೀಟರಿನಲ್ಲಿ 3ರಿಂದ 4ರ ನಡುವೆ ತೋರಿಸಬೇಕು. ಒಂದೇ ಸ್ಪೀಕರ್ ಬಾಗಿಲು ತೆರೆದು ಮುಚ್ಚಿದಾಗ ಬಂದು ಹೋಗುತ್ತಿದ್ದರೆ ಬಾಗಿಲಿನ ರಬ್ಬರ್ ಕೊಳವೆಯೊಳಗೆ ವೈರು ಮುರಿದಿದೆ.

ಕೇಂದ್ರ ಸಿಗದಿರುವುದು, ಸಿಕ್ಕರೂ ಕರಕರ ಎನ್ನುವುದು

ಪೆನ್‌ಡ್ರೈವ್‌ನ ಹಾಡು ಸ್ಪಷ್ಟವಾಗಿದ್ದು ಎಫ್‌ಎಂ ಮಾತ್ರ ಕೆಟ್ಟದಾಗಿದ್ದರೆ ಸ್ಪೀಕರ್, ಆಂಪ್ಲಿಫೈಯರ್, ವಿದ್ಯುತ್ತು ಎಲ್ಲವೂ ಒಟ್ಟಿಗೆ ಆರೋಪಮುಕ್ತ. ಉಳಿಯುವುದು ಆಂಟೆನಾ, ಅದರ ವೈರು ಮತ್ತು ಟ್ಯೂನರ್, ಅಂದರೆ ರೇಡಿಯೊದೊಳಗೆ ಕೇಂದ್ರವನ್ನು ಹಿಡಿಯುವ ಭಾಗ. ಎಫ್‌ಎಂ ತರಂಗಗಳು ಹೆಚ್ಚು ಕಡಿಮೆ ನೇರ ದೃಷ್ಟಿಯ ಹಾದಿಯಲ್ಲಿ ಚಲಿಸುವುದರಿಂದ ಗುಡ್ಡದ ಮರೆ, ಸುರಂಗ, ಎತ್ತರದ ಕಟ್ಟಡಗಳ ನಡುವೆ ಸದ್ದು ಒಡೆಯುವುದು ರೇಡಿಯೊದ ತಪ್ಪಲ್ಲ. ಸಂಕೇತ ಕ್ಷೀಣಿಸಿದಾಗ ರೇಡಿಯೊ ಸ್ಟೀರಿಯೊ ಬಿಟ್ಟು ಮೊನೊಗೆ ಇಳಿಯುವುದೂ ಗೊರಗೊರ ತಗ್ಗಿಸುವ ಉಪಾಯವೇ. ಒಂದೇ ಜಾಗದಲ್ಲಿ ನಿಂತು, ಪಕ್ಕದ ಕಾರಿನಲ್ಲಿ ಸ್ಪಷ್ಟವಾಗಿ ಬರುವ ಕೇಂದ್ರ ಇಲ್ಲಿ ಬಾರದಿದ್ದರೆ ಮಾತ್ರ ಮುಂದಿನ ಹೆಜ್ಜೆ ಇಡಬೇಕು.

ಚಾವಣಿಯ ಮೇಲಿನ ಕಡ್ಡಿ ಸಡಿಲವಾಗಿದೆಯೇ, ಅದರ ಬುಡದಲ್ಲಿ ತುಕ್ಕು ಇದೆಯೇ, ರೇಡಿಯೊ ಹಿಂದಿನ ಪ್ಲಗ್ ಪೂರ್ತಿ ಕೂತಿದೆಯೇ ಎಂದು ನೋಡುವುದು ಸುಲಭದ ಭಾಗ. ಚಿಕ್ಕ ಕಡ್ಡಿಯ, ಮೀನಿನ ರೆಕ್ಕೆಯಾಕಾರದ, ಅಥವಾ ಹಿಂದಿನ ಗಾಜಿನಲ್ಲಿ ಗೆರೆಗಳಾಗಿ ಮುದ್ರಿತವಾದ ಆಂಟೆನಾಗಳು ತಮ್ಮಷ್ಟಕ್ಕೆ ತಾವೇ ಸಾಲುವುದಿಲ್ಲ. ಅವುಗಳ ಬಳಿ ಒಂದು ಸಣ್ಣ ಆಂಪ್ಲಿಫೈಯರ್ ಇದ್ದು, ಅದಕ್ಕೆ ನೀಲಿ ವೈರಿನ ಮೂಲಕವೋ ಆಂಟೆನಾ ವೈರಿನ ಮೂಲಕವೋ 12 ವೋಲ್ಟ್ ತಲುಪಬೇಕು. ಕಂಪನಿ ರೇಡಿಯೊ ತೆಗೆದು ಬೇರೆಯದನ್ನು ಹಾಕಿದ ಮೇಲೆ ಕೇಂದ್ರಗಳು ಮಾಯವಾದರೆ ಮೊದಲು ನೋಡಬೇಕಾದದ್ದು ಇದನ್ನೇ. ಮುದ್ರಿತ ಆಂಟೆನಾ ಇರುವ ಗಾಜಿಗೆ ಲೋಹದ ಅಂಶವುಳ್ಳ ಫಿಲ್ಮ್ ಅಂಟಿಸಿದರೆ ತರಂಗ ತಗ್ಗುತ್ತದೆ. ಫಿಲ್ಮ್ ಕಿತ್ತುವಾಗ ಗೆರೆಗಳೇ ಎದ್ದು ಬಂದಿದ್ದರೆ ಇನ್ನೂ ಕಷ್ಟ.

ಕಾರಿನೊಳಗಿನಿಂದಲೇ ಹುಟ್ಟುವ ಗಲಾಟೆಯನ್ನು ಬೇರ್ಪಡಿಸಲು ಒಂದು ಸರಳ ಕ್ರಮವಿದೆ. ಎಂಜಿನ್ ನಿಲ್ಲಿಸಿ ಕೀ ಮಾತ್ರ ಹಾಕಿ ದುರ್ಬಲ ಕೇಂದ್ರವೊಂದನ್ನು ಕೇಳುತ್ತ, ಮೊಬೈಲ್ ಚಾರ್ಜರ್, ಡ್ಯಾಶ್‌ಕ್ಯಾಮ್, ಹೊರಗಿನಿಂದ ಹಾಕಿಸಿದ ಎಲ್‌ಇಡಿ ಹೆಡ್‌ಲೈಟ್ ಇವುಗಳನ್ನು ಒಂದೊಂದಾಗಿ ಕಿತ್ತು ಅಥವಾ ಆರಿಸಿ ನೋಡಬೇಕು. ಇವುಗಳೊಳಗಿನ ವೋಲ್ಟೇಜ್ ಪರಿವರ್ತಕಗಳು ವೇಗವಾಗಿ ಆನ್ ಆಫ್ ಆಗುತ್ತ ಎಫ್‌ಎಂ ಪಟ್ಟಿಯನ್ನೇ ಮುಚ್ಚುವಷ್ಟು ಗಲಾಟೆ ಎಬ್ಬಿಸಬಲ್ಲವು, ಅಗ್ಗದವಂತೂ ಖಂಡಿತ. ಇದಕ್ಕೆ ಪ್ರತಿಯಾಗಿ, ಆಕ್ಸಿಲರೇಟರ್ ಒತ್ತಿದಂತೆ ಏರುತ್ತ ಹೋಗುವ ಕೀರಲು ಸದ್ದು ಆಲ್ಟರ್ನೇಟರ್‌ನದು. ಅದು ಎಫ್‌ಎಂನಲ್ಲಷ್ಟೇ ಅಲ್ಲದೆ ಎಲ್ಲ ಮೂಲಗಳಲ್ಲೂ ಕೇಳಿಸಿದರೆ ವಿದ್ಯುತ್ ದಾರಿ ಅಥವಾ ಅರ್ತ್ ಮೂಲಕ ನುಗ್ಗುತ್ತಿದೆ. ಫೋನನ್ನು ಚಾರ್ಜರ್‌ಗೂ ಆಕ್ಸ್ ವೈರಿಗೂ ಒಟ್ಟಿಗೆ ಜೋಡಿಸಿದಾಗ ಮಾತ್ರ ಬಂದರೆ ಎರಡು ಅರ್ತ್‌ಗಳ ನಡುವಿನ ಸುತ್ತು ಅದಕ್ಕೆ ಕಾರಣ.

ಗಾಳಿಯಲ್ಲಿ ಬರುವ ದೋಷ

ಪೆಟ್ಟಿಗೆಗಳು ಕಂಪ್ಯೂಟರ್‌ಗಳಾದ ಮೇಲೆ, ಅವುಗಳಿಗೆ ತಲುಪುವ ಮಾಹಿತಿಯೇ ಕೆಟ್ಟದಾಗಿದ್ದು ಅವು ಕುಸಿಯುವ ಸಂದರ್ಭಗಳೂ ಬಂದಿವೆ. 2022ರ ಜನವರಿಯಲ್ಲಿ ಅಮೆರಿಕದ ಸಿಯಾಟಲ್ ಸುತ್ತಮುತ್ತ 2014ರಿಂದ 2017ರ ಮಾದರಿಯ ಹಲವು ಮಜ್ದಾ ಕಾರುಗಳ ಪರದೆಗಳು ಮತ್ತೆ ಮತ್ತೆ ಮರುಪ್ರಾರಂಭವಾಗುತ್ತ, ರೇಡಿಯೊ 94.9 ಮೆಗಾಹರ್ಟ್ಸ್‌ನ ಒಂದೇ ಕೇಂದ್ರದಲ್ಲಿ ಸಿಕ್ಕಿಕೊಂಡಿತು. ಆ ಕೇಂದ್ರ ಡಿಜಿಟಲ್ ಪ್ರಸಾರದ ಜೊತೆ ಕಳಿಸಿದ ಚಿತ್ರಗಳ ಕಡತದ ಹೆಸರಿನಲ್ಲಿ ಇರಬೇಕಾದ ವಿಸ್ತರಣೆ ಇರಲಿಲ್ಲ; ಅದನ್ನು ಹೇಗೆ ಓದಬೇಕೆಂದು ಪೆಟ್ಟಿಗೆಗೆ ತಿಳಿಯಲಿಲ್ಲ. ಅದೇ ತಿಂಗಳ ಆರಂಭದಲ್ಲಿ ಕೆಲವು ಹೋಂಡಾ ಮತ್ತು ಅಕ್ಯುರಾ ಕಾರುಗಳ ಗಡಿಯಾರ 2002ಕ್ಕೆ ಹಿಂದಿರುಗಿತು. ಇಂಥ ಜಿಗಿತಕ್ಕೆ ಒಂದು ಸಂಭವನೀಯ ಕಾರಣವಿದು: ಉಪಗ್ರಹಗಳಿಂದ ಸ್ಥಳವನ್ನೂ ಸಮಯವನ್ನೂ ತಿಳಿಸುವ ಹಳೆಯ ಜಿಪಿಎಸ್ ಸಂಕೇತದಲ್ಲಿ ವಾರಗಳ ಎಣಿಕೆ 1024 ಆದೊಡನೆ ಸೊನ್ನೆಗೆ ಮರಳುತ್ತದೆ, ಅಂದರೆ ಸುಮಾರು 19.6 ವರ್ಷಗಳಿಗೊಮ್ಮೆ, 2019ರ ಏಪ್ರಿಲ್ 6ರಂದು ಅಂಥ ಒಂದು ಮರಳಿಕೆ ಆಗಿತ್ತು. ಕಾರಿನ ಗಡಿಯಾರ ಸುಮಾರು ಇಷ್ಟೇ ವರ್ಷ ಹಿಂದೆ ಜಿಗಿದಿದ್ದರೆ ಬ್ಯಾಟರಿ ಕಳಚಿ ಸಿಕ್ಕಿಸಿ ಪ್ರಯೋಜನವಿಲ್ಲ, ಸಾಫ್ಟ್‌ವೇರ್ ಅಪ್‌ಡೇಟ್ ಇದೆಯೇ ಎಂದು ವಿಚಾರಿಸಬೇಕು.

ಅದೇ ಮಾದರಿಯ ಅನೇಕ ಕಾರುಗಳಲ್ಲಿ ಒಂದೇ ದಿನ ಶುರುವಾದ ತೊಂದರೆ ನಿಮ್ಮ ವೈರಿಂಗ್‌ನಲ್ಲಿ ಇರಲಾರದು. ಒಂಟಿ ಕಾರಿನಲ್ಲಿ ಪರದೆ ಹೆಪ್ಪುಗಟ್ಟಿದ್ದರೆ ಪವರ್ ಗುಂಡಿಯನ್ನು ಹತ್ತಾರು ಸೆಕೆಂಡು ಒತ್ತಿ ಹಿಡಿಯುವುದೇ ಮೊದಲ ಉಪಾಯ; ನೆನಪೆಲ್ಲ ಅಳಿಸುವ ಫ್ಯಾಕ್ಟರಿ ರೀಸೆಟ್‌ಗೆ ಕೈ ಹಾಕುವುದು ಅದರ ನಂತರ. ದಿನದಿಂದ ದಿನಕ್ಕೆ ನಿಧಾನವಾಗುತ್ತ, ಶುರುವಾಗಲು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತ ಬಂದ ಪರದೆಯಲ್ಲಿ ಮೆಮೊರಿ ಚಿಪ್ ಸವೆದಿರಬಹುದು. ಈ ಕಾರಣಕ್ಕೇ ಟೆಸ್ಲಾ 2021ರಲ್ಲಿ ಸುಮಾರು 1.35 ಲಕ್ಷ ಮಾಡೆಲ್ ಎಸ್ ಮತ್ತು ಎಕ್ಸ್ ಕಾರುಗಳನ್ನು ಹಿಂದಕ್ಕೆ ಕರೆಸಬೇಕಾಯಿತು. ಬರೆದು ಅಳಿಸುತ್ತ 8 ಗಿಗಾಬೈಟಿನ ಚಿಪ್ ಸವೆದಾಗ ಹಿಂಬದಿ ಕ್ಯಾಮೆರಾದ ಚಿತ್ರವೂ ಹೋಗುತ್ತಿತ್ತು.

ಫೋನ್ ಮತ್ತು ಪೆನ್‌ಡ್ರೈವ್‌ನ ವಿಷಯ ಚಿಕ್ಕದು. ಪೆನ್‌ಡ್ರೈವ್ ಓದದಿದ್ದರೆ ಅದನ್ನು ಫ್ಯಾಟ್32 ರೂಪದಲ್ಲಿ ಸಿದ್ಧಪಡಿಸಿ ಸಾಮಾನ್ಯ ಎಂಪಿ3 ಕಡತವೊಂದನ್ನು ಹಾಕಿ ನೋಡಬೇಕು. ಫೋನ್ ಚಾರ್ಜ್ ಆದರೂ ಪರದೆಯಲ್ಲಿ ಕಾಣದಿದ್ದರೆ ಕೇಬಲ್‌ನಲ್ಲಿ ಮಾಹಿತಿ ಸಾಗಿಸುವ ಎಳೆಗಳೇ ಇಲ್ಲದಿರಬಹುದು. ಬ್ಲೂಟೂತ್‌ನಲ್ಲಿ ಕರೆ ಬಂದು ಹಾಡು ಬಾರದಿದ್ದರೆ, ಎರಡೂ ಬೇರೆ ಬೇರೆ ಸಂಪರ್ಕಗಳಾದುದರಿಂದ, ಫೋನಿನಲ್ಲಿ ಆ ಕಾರಿನ ಹೆಸರಿನ ಮುಂದೆ ‘ಮೀಡಿಯಾ ಆಡಿಯೊ’ ಚಾಲೂ ಇದೆಯೇ ನೋಡಿ. ಪ್ರಯೋಜನವಾಗದಿದ್ದರೆ ಎರಡೂ ಕಡೆಯಿಂದ ಅಳಿಸಿ ಹೊಸದಾಗಿ ಜೋಡಿಸಬೇಕು.

ಮೀಟರ್ ಫಲಕ ಮತ್ತು ಸ್ಪರ್ಶ ಪರದೆ

ಮುಟ್ಟದೆಯೇ ತಾನಾಗಿ ಒತ್ತಿಕೊಳ್ಳುವ ಪರದೆಯಿಂದ ಮೊದಲು ಅಂಟಿಸಿದ ರಕ್ಷಣಾ ಹಾಳೆಯನ್ನು ತೆಗೆದು, ಅಂಚುಗಳನ್ನು ಒಣಬಟ್ಟೆಯಲ್ಲಿ ಒರೆಸಬೇಕು. ಬಿಸಿಲಿಗೆ ಕಾದಾಗಲಷ್ಟೇ ಹೀಗಾದರೆ ಸ್ಪರ್ಶದ ಪದರವೇ ಅಂಟು ಬಿಡುತ್ತಿದೆ, ಅದನ್ನು ಬದಲಿಸದೆ ಗತಿಯಿಲ್ಲ. ಹಳೆಯ ಪರದೆಗಳಲ್ಲಿ ಅಕ್ಷರಗಳ ಸಾಲುಗಳು ಅಡ್ಡಲಾಗಿಯೋ ಉದ್ದಕ್ಕೋ ಮಾಯವಾಗುವುದು ಪರದೆಗೆ ಅಂಟಿದ ತೆಳು ಪಟ್ಟಿ ವೈರು ಬಿಟ್ಟುಕೊಳ್ಳುತ್ತಿರುವುದರ ಗುರುತು. ಕಡುಚಳಿಯಲ್ಲಿ ಎಲ್‌ಸಿಡಿ ನಿಧಾನವಾಗಿ ಬದಲಾಗುವುದು ಮಾತ್ರ ಆ ದ್ರವದ ಸ್ವಭಾವ. ಒಳಗೆ ಬೆಚ್ಚಗಾದಾಗ ಸರಿಹೋಗುತ್ತದೆ.

ಫಲಕದಲ್ಲಿ ಇಂಧನದ ಮುಳ್ಳೊಂದೇ ತಪ್ಪು ತೋರಿಸಿದರೆ ಟ್ಯಾಂಕಿನೊಳಗಿನ ತೇಲುವ ಸೆಂಡರ್ ಕಡೆಗೆ ನೋಡಬೇಕು. ಎಲ್ಲ ಮುಳ್ಳುಗಳೂ ಒಟ್ಟಿಗೆ ಸೊನ್ನೆಗೆ ಬಿದ್ದು ಮತ್ತೆ ಎದ್ದರೆ ಫಲಕದ ವಿದ್ಯುತ್ತು, ಅರ್ತ್, ಅಥವಾ ಕಂಟ್ರೋಲ್ ಯೂನಿಟ್‌ಗಳನ್ನು ಬೆಸೆಯುವ ಕ್ಯಾನ್ ಜಾಲ ಇವುಗಳ ಕಡೆಗೆ. ಈ ಜಾಲದಲ್ಲಿ ಎರಡು ವೈರುಗಳಿದ್ದು ಎರಡು ತುದಿಗಳಲ್ಲಿ 120 ಓಮ್‌ನ ತಡೆಗಳಿರುತ್ತವೆ. ಬ್ಯಾಟರಿ ಕಳಚಿ, ಡಯಾಗ್ನೋಸ್ಟಿಕ್ ಸಾಕೆಟ್‌ನ (ಸ್ಕ್ಯಾನರ್ ಜೋಡಿಸುವ ಜಾಗದ) 6 ಮತ್ತು 14ನೆಯ ಪಿನ್ನುಗಳ ನಡುವೆ ಅಳೆದಾಗ ಅನೇಕ ಕಾರುಗಳಲ್ಲಿ 60 ಓಮ್ ಬರಬೇಕು. 120 ಬಂದರೆ ಎಲ್ಲೋ ದಾರಿ ಕಡಿದಿದೆ, ಸೊನ್ನೆ ಬಂದರೆ ಎರಡೂ ವೈರುಗಳು ಒಂದಕ್ಕೊಂದು ತಾಗಿವೆ. ಹೊಸ ಕಾರುಗಳಲ್ಲಿ ಕೆಲವು ಈ ಪಿನ್ನುಗಳ ಹಿಂದೆ ಗೇಟ್‌ವೇ (ಸಾಕೆಟ್ಟಿಗೂ ಒಳಗಿನ ಜಾಲಕ್ಕೂ ನಡುವೆ ಮಾಹಿತಿ ದಾಟಿಸುವ ಯೂನಿಟ್) ಇಟ್ಟಿರುವುದರಿಂದ ಆ ಅಳತೆ ಇಡೀ ಜಾಲದ ಮಾತನ್ನು ಹೇಳುವುದಿಲ್ಲ. ದೋಷ ಓದುವ ಸ್ಕ್ಯಾನರ್‌ನಲ್ಲಿ ಯು0184 ಎಂಬ ಕೋಡ್ ಬಂದರೆ ರೇಡಿಯೊ ಜೊತೆ, ಯು0155 ಬಂದರೆ ಮೀಟರ್ ಫಲಕದ ಜೊತೆ ಸಂಪರ್ಕ ತಪ್ಪಿದೆಯೆಂದು ಅರ್ಥ. ಆ ಭಾಗ ಕೆಟ್ಟಿದೆ ಎಂದಲ್ಲ, ಅದರ ಮಾತು ಕೇಳಿಸುತ್ತಿಲ್ಲ ಎಂದಷ್ಟೆ.

ಈ ತಪಾಸಣೆಯ ನಡುವೆ ಒಂದು ವಿಷಯದಲ್ಲಿ ರಾಜಿ ಸಲ್ಲದು. ಕೆಂಪು ದೀಪ ಹೊತ್ತಿದರೆ, ವಿಶೇಷವಾಗಿ ಆಯಿಲ್ ಒತ್ತಡ, ಬ್ರೇಕ್, ಎಂಜಿನ್ ಬಿಸಿ ಇವುಗಳದ್ದು, ಫಲಕವೇ ಸುಳ್ಳು ಹೇಳುತ್ತಿದೆ ಎಂದು ಊಹಿಸಿ ಓಡಿಸಬಾರದು. ಸುರಕ್ಷಿತವಾಗಿ ನಿಲ್ಲಿಸಿ ಆ ಭಾಗವನ್ನೇ ಮೊದಲು ನೋಡಬೇಕು. ಕೀ ಹಾಕಿದಾಗ ಎಲ್ಲ ಎಚ್ಚರಿಕೆ ದೀಪಗಳೂ ಕೆಲವು ಸೆಕೆಂಡು ಹೊತ್ತಿ ಆರುವುದು ಸ್ವಯಂ ಪರೀಕ್ಷೆ. ಏರ್‌ಬ್ಯಾಗ್ ದೀಪ ಆಗಲೂ ಹೊತ್ತದೇ ಇದ್ದರೆ ಅದೇ ಒಂದು ದೋಷ.

ಪೆಟ್ಟಿಗೆಯನ್ನು ಬಿಚ್ಚುವ ಮುನ್ನ

ಇಷ್ಟೆಲ್ಲ ಸರಿಯಿದ್ದೂ ದೋಷ ಉಳಿದರೆ ಆಗ ಪೆಟ್ಟಿಗೆಯ ಸರದಿ. ಬ್ಯಾಟರಿ ಕಳಚುವ ಮೊದಲು ರೇಡಿಯೊದ ಭದ್ರತಾ ಕೋಡ್ ಕೈಯಲ್ಲಿರಬೇಕು. ಕೆಲವು ರೇಡಿಯೊಗಳು ಮತ್ತೆ ವಿದ್ಯುತ್ತು ಬಂದಾಗ ಅದನ್ನು ಕೇಳುತ್ತವೆ, ತಪ್ಪು ಅಂಕಿ ಕೆಲವೇ ಸಲ ಒತ್ತಿದರೂ ಗಂಟೆಗಟ್ಟಲೆ ಬೀಗ ಹಾಕಿಕೊಳ್ಳುತ್ತವೆ. ಏರ್‌ಬ್ಯಾಗ್ ಅಥವಾ ಸ್ಟೀರಿಂಗ್ ಬಳಿಯ ಕೆಲಸವಾದರೆ, ಅದರ ಯೂನಿಟ್‌ನಲ್ಲಿ ಸ್ವಲ್ಪ ಹೊತ್ತು ವಿದ್ಯುತ್ತು ಉಳಿದಿರುವುದರಿಂದ, ಬ್ಯಾಟರಿ ಕಳಚಿ ತಯಾರಕರ ಪುಸ್ತಕದಲ್ಲಿ ಹೇಳಿದಷ್ಟು ಸಮಯ ಕಾದು ಮುಂದುವರಿಯಬೇಕು. ಅಭ್ಯಾಸವಿಲ್ಲದವರು ಅದಕ್ಕೆ ಕೈ ಹಾಕದಿರುವುದೇ ಮೇಲು. ದುರಸ್ತಿಯವರಿಗೆ ಒಪ್ಪಿಸುವಾಗ ‘ರೇಡಿಯೊ ಕೆಟ್ಟಿದೆ’ ಎನ್ನುವ ಬದಲು, ಯಾವಾಗ ಕೆಡುತ್ತದೆ, ಜೊತೆಗೆ ಏನು ನಿಲ್ಲುತ್ತದೆ, ಬಲ್ಬು ಕಟ್ಟಿ ಅಳೆದಾಗ ಯಾವ ವೈರಿನಲ್ಲಿ ಎಷ್ಟು ವೋಲ್ಟ್ ಬಂತು ಎಂಬುದನ್ನು ಬರೆದುಕೊಟ್ಟರೆ ಅನಗತ್ಯವಾದ ಬದಲಾವಣೆ ತಪ್ಪುತ್ತದೆ. ಬಳಸಿದ ರೇಡಿಯೊ ಅಥವಾ ಫಲಕವನ್ನು ತಂದು ಹಾಕುವುದಾದರೆ ಅದು ಅನೇಕ ಕಾರುಗಳಲ್ಲಿ ಕೋಡಿಂಗ್ ಮಾಡದೆ ಎಚ್ಚರಗೊಳ್ಳುವುದಿಲ್ಲ. ಮೀಟರ್ ಫಲಕದಲ್ಲಂತೂ ಓಡೋಮೀಟರ್‌ನ ಅಂಕಿ ಕಾರು ನಿಜವಾಗಿ ಓಡಿದ ದೂರಕ್ಕೆ ಹೊಂದುವಂತೆ ಮಾಡಿಸಿ, ಹೊಂದಿಸಲಾಗದಿದ್ದರೆ ಫಲಕ ಬದಲಾದ ದಿನಾಂಕವನ್ನೂ ಹಳೆಯ ಅಂಕಿಯನ್ನೂ ಕಾರಿನ ಸರ್ವೀಸ್ ಪುಸ್ತಕದಲ್ಲಿ ಬರೆಸಿಡಬೇಕು.